ಕುಬಸಕ್ಕೆ ಕಾಯದ ವೈರಸ್

“ಜ್ವರ ಯಾವಾಗಿಂದ ಅದಾವ್ರಿ?” ಡಾಕ್ಟರ್ ಕೇಳಿದರು.

“ನಿನ್ನಿ ಸಂಜಿಂದ್ರಿ,” ಎಂದರು ನಮ್ಮ ಯಜಮಾನರ ಕಾಕಾ.

ಸುಳ್ಳು! ದವಾಖಾನೆಯ ಹಾಸಿಗೆಯಲ್ಲಿ ಏದುಸಿರು ಬಿಡುತ್ತಿದ್ದ ಅವರ ಹೆಂಡತಿ, ನಮ್ಮ ಚಿಗವ್ವ, ಹೋದ ವಾರದಿಂದಲೇ ಜ್ವರದಲ್ಲಿದ್ದರು. ಕೈತುಂಬ ಇನ್ನೂ ಮಗಳ ಕುಬಸದ ಹಸಿರು ಬಳೆ. (ಸಲೈನ್ ಹಚ್ಚಲು ನರ್ಸ್ ಅವನ್ನು ಒಂದೊಂದಾಗಿ ಮೇಲೆ ಸರಿಸುತ್ತಿದ್ದಳು.)

ಮಗಳು ವಿದ್ಯಾ ಏಳು ತಿಂಗಳ ಬಸುರಿ. ಮೊನ್ನೆ ರಾಯಾಪುರದ ತವರಿನಲ್ಲಿ ಕುಬಸ, ಅಂದರೆ ಸೀಮಂತ; ಉಡಿ ತುಂಬುವ ಸಂಭ್ರಮ. ಅದರ ಹಿಂದಿನ ದಿನವೇ ನಾನು ಕಾಕಾಗೆ ಹೇಳಿದ್ದೆ: “ಚಿಗವ್ವಗ ಕೆಮ್ಮು ಭಾಳ ಐತ್ರಿ. ಸಕ್ಕರಿ ಐತಿ, ದಮ್ಮೂ ಐತಿ. ಟೆಸ್ಟ್ ಮಾಡಸೋಣ್ರಿ.”

“ಕೊರೊನಾ ಅಂತ ಬಂದ್ರ? ಬೀಗರು ಬಾಗಲದಿಂದನ ಹೊಳ್ಳಿ ಹೋಗತಾರ! ಕುಬಸ ಮುಗೀಲಿ, ಆಮ್ಯಾಲ ನೋಡೋಣಂತ. ಕಾನ್ವೆಂಟ್ ಕಲ್ತಾಕಿ ನೋಡವಾ ನೀ, ಸೀನಿದ್ರೂ ಡಾಕ್ಟರ್!”

ಎಲ್ಲರೂ ನಕ್ಕರು. ಚಿಗವ್ವನಿಗೆ ಶುಂಠಿ ಕಷಾಯ ಕುಡಿಸಿದರು. ಸೆರಗಿನಲ್ಲಿ ಕೆಮ್ಮುತ್ತ, ಬಸುರಿ ಮಗಳ ಮಗ್ಗುಲಲ್ಲೇ ಕೂತು ಅವರು ಆರತಿ ಮುಗಿಸಿದರು.

“ಟೆಸ್ಟಿನ್ಯಾಗ ಕೊರೊನಾ ಬಂದೈತಿ. ನಿನ್ನಿ ಸಂಜಿಂದ ಅಂದ್ರ ಛಲೋ ಆತು. ವೈರಸ್ ತಡಿಯೋ ಗುಳಿಗಿ ಶುರು ಮಾಡೋಣು,” ಎಂದರು ಡಾಕ್ಟರ್ ಈಗ, ಕಾಕಾ ಮಾತು ನಂಬಿ.

ನನಗೆ ತಡೆಯಲಾಗಲಿಲ್ಲ. “ನಿನ್ನಿ ಸಂಜಿಂದಲ್ರಿ. ಹೋದ ವಾರದಿಂದ.”

ಕಾಕಾ ನನ್ನನ್ನು ನುಂಗುವಂತೆ ನೋಡಿದರು. ಡಾಕ್ಟರ್ ಪೆನ್ನು ಕೆಳಗಿಟ್ಟರು.

“ಖರೇ ಹೇಳಬೇಕಿತ್ರಿ. ಈ ವೈರಸ್ ಮೈಯಾಗ ಹೊಕ್ಕು ತನ್ನಂಥಾವನ್ನ ಹುಟ್ಟಿಸ್ಕೋತ ಹೊಂಟಿರ್ತೈತಿ. ಈ ಗುಳಿಗಿ ಅದನ್ನ ತಡೀತೈತಿ. ಆದ್ರ ಮೊದಲನೇ ನಾಕೈದು ದಿನದಾಗ ತಗೋಬೇಕು. ಈಗ ಪುಪ್ಪುಸಕ್ಕ ಇಳದೈತಿ. ಆಕ್ಸಿಜನ್ ಹಚ್ಚಬೇಕು.”

ಮೈ ಉರಿಯಿತು. ಈ ವೈರಸ್ ಎಲ್ಲಿ, ಹೇಗೆ ತನ್ನ ಸಂತಾನ ಬೆಳೆಸುತ್ತದೆ ಎಂದು ಹುಡುಕಿ, ಸರಿಯಾಗಿ ಅಲ್ಲೇ ಅಡ್ಡಗಾಲು ಹಾಕುವ ಔಷಧಿಗಾಗಿ ಎಷ್ಟು ಜನ ಲ್ಯಾಬಿನಲ್ಲಿ ಕಣ್ಣು ಕೆಡಿಸಿಕೊಂಡಿದ್ದಾರೋ! ಔಷಧಿ ಬಂತು. ನಮ್ಮೂರಿಗೂ ಬಂತು. ನಾವೇನು ಮಾಡಿದೆವು? ಅದು ಕೆಲಸ ಮಾಡುವ ದಿನಗಳನ್ನೆಲ್ಲ ಹೋಳಿಗೆ ಬಡಿಸುತ್ತ ಕಳೆದೆವು. ಬೀಗರ ಮುಂದೆ ಮರ್ಯಾದೆ ಉಳಿಯಿತಂತೆ. ಚಿಗವ್ವ ಉಳಿಯುವುದು ಬೇಡವೇ?

“ಮನ್ಯಾಗ ಮತ್ಯಾರಿಗರ ಜ್ವರ ಐತೇನ್ರಿ?”

“ಇಲ್ರಿ. ಯಾರಿಗೂ ಇಲ್ಲ,” ಎಂದರು ಕಾಕಾ. ಮತ್ತೆ!

ಬಾಗಿಲಿಗೊರಗಿ ನಿಂತಿದ್ದ ವಿದ್ಯಾಳ ಕಣ್ಣು ಕೆಂಪಾಗಿದ್ದವು. ಅತ್ತಿದ್ದಕ್ಕೆ ಇರಬೇಕು ಎಂದುಕೊಂಡು ಕತ್ತು ಮುಟ್ಟಿದೆ. ಸುಡುತ್ತಿತ್ತು.

“ಮುಂಜಾನಿಂದ ಹಿಂಗ ಆಗೇತಿ ವೈನಿ. ಅಪ್ಪಾ ಹೇಳಬ್ಯಾಡ ಅಂದಾರ,” ಎಂದಳು ಮೆಲ್ಲಗೆ.

ರಟ್ಟೆ ಹಿಡಿದು ಕರೆತಂದು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂರಿಸಿದೆ.

ಕಾಕಾ ಹಲ್ಲು ಕಡಿದರು. “ಬೀಗರ ಕಿವೀಗೆ ಬಿದ್ರ?”

ಬೀಳಲಿ ಬಿಡಿ. ಬಸುರಿ ಮಗಳ ಉಸಿರಿಗಿಂತ ಬೀಗರ ಕಿವಿ ದೊಡ್ಡದೇ?