ಕೊನೆಯ ಕಾಲಂ

ನಮ್ಮ ಬೀದಿಯ ನಿವೃತ್ತ ಹೆಡ್‌ಗುಮಾಸ್ತರು ಬೀದಿನಾಯಿಗಳ ಆಶ್ರಯಧಾಮಕ್ಕೆ ಹೋಗುವುದೂ ಕಚೇರಿಯ ಠೀವಿಯಲ್ಲೇ: ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಫೈಲು. ಅಲ್ಲಿ ಅವರು ಮೆಚ್ಚಿಕೊಂಡಿರುವುದು ಯಾವ ತಳಿಗೂ ಸೇರದ, ಒಂದು ಕಿವಿ ನಿಂತ, ಇನ್ನೊಂದು ಜೋತುಬಿದ್ದ ಕಂದು ಮರಿಯನ್ನು. ಅದನ್ನು ‘ಅಭ್ಯರ್ಥಿ’ ಎಂದೇ ಕರೆಯುತ್ತಾರೆ. ಅದು ಅವರ ಬೂಟಿನ ಲೇಸು ಕಚ್ಚಿದರೆ “ಶಿಸ್ತು, ಶಿಸ್ತು” ಎಂದು ಗದರಿ, ಇನ್ನೊಂದು ಕಾಲನ್ನೂ ಮುಂದಿಡುತ್ತಾರೆ. ದತ್ತು ಅರ್ಜಿಯನ್ನು ಮಾತ್ರ ಮುಗಿಸುವುದಿಲ್ಲ. ಪ್ರತಿ ಭಾನುವಾರ ಬಹುಪಾಲು ಬರೆದು, ಫೈಲಿಗೆ ಸೇರಿಸಿ, “ತಪ್ಪಾಯ್ತಮ್ಮ, ಮುಂದಿನ ವಾರ ಹೊಸದೊಂದು ಕೊಡು” ಎಂದು ಎದ್ದುಬಿಡುತ್ತಾರೆ. “ಅಂಕಲ್, ತಪ್ಪಿದ್ರೆ ಹೊಡೆದುಹಾಕಿ ಬರೀರಿ. ಮರೀನ ಇನ್ನೊಬ್ರೂ ಕೇಳ್ತಿದಾರೆ, ನಾಳೆ ಬರ್ತಾರಂತೆ” ಎಂದಳು ಮೊನ್ನೆ ಅಲ್ಲಿಯ ಹುಡುಗಿ. ಅವರು ಬಗ್ಗಿ ಲೇಸು ಕಟ್ಟಿಕೊಳ್ಳತೊಡಗಿದರು. ಜೊತೆಗೆ ಹೋಗಿದ್ದ ನಾನು, ನಗುವುದಕ್ಕೊಂದು ವಿಷಯ ಸಿಕ್ಕೀತೆಂದು ಫೈಲು ತೆರೆದೆ. ನಾಲ್ಕು ಅರ್ಜಿಗಳೂ ಕೊನೆಯ ಕಾಲಂನಲ್ಲೇ ನಿಂತಿದ್ದವು: ‘ನೀವಿಲ್ಲದಾಗ ಮರಿಯನ್ನು ನೋಡಿಕೊಳ್ಳುವವರು.’ ನಾಲ್ಕರಲ್ಲೂ ಅವರ ಹೆಂಡತಿಯ ಹೆಸರು, ದುಂಡಗಿನ ಅಕ್ಷರಗಳಲ್ಲಿ. “ಅವಳು ಹೋಗಿ ವರ್ಷ ಆಯ್ತು. ಕೈ ತಾನಾಗೇ ಬರೆದುಬಿಡುತ್ತೆ ಕಣಯ್ಯಾ” ಎಂದರು ಬಗ್ಗಿದಲ್ಲಿಂದಲೇ, “ಹೊಡೆದುಹಾಕೋಕೆ ಮಾತ್ರ ಬರಲ್ಲ.”