ಅತ್ಲೋನಿನಲ್ಲಿ ರೂಮು ಹುಡುಕಿದ ಧಣಿ

ನಿನ್ನೆ ಐರ್ಲೆಂಡಿನ ಅತ್ಲೋನಿನಲ್ಲಿರುವ ನಮ್ಮ ಮನೆಯ ಖಾಲಿ ರೂಮು ನೋಡಲು ಸುಪ್ರಿಯಾ ಎಂಬ ದಾವಣಗೆರೆಯ ಹುಡುಗಿ ಬಂದಿದ್ದಳು. ಇಲ್ಲೇ ಮಾಸ್ಟರ್ಸ್ ಓದುತ್ತಿರುವವಳು. ಟೀಪಾಯಿಯ ಮೇಲೆ ನಾನು ಹಳೇ ಪುಸ್ತಕದಂಗಡಿಯಿಂದ ತಂದ ಇಂಗ್ಲಿಷ್ ಕಾದಂಬರಿಯಿತ್ತು. ಮುಖಪುಟದಲ್ಲಿ ಒಂದೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ ಧಣಿ. ‘ಇದು ಕಾಮಿಡಿನಾ ಸರ್?’ ಎಂದಳು. ಕೇಳಬಾರದಿತ್ತು. ನಾನು ಬಾಯಿ ತೆರೆದರೆ ಸುಲಭಕ್ಕೆ ಮುಚ್ಚುವವನಲ್ಲ, ನಿಮಗೂ ಈಗ ಗೊತ್ತಾಗುತ್ತದೆ.

ಈ ಧಣಿಯನ್ನು ನೀವೂ ಬಲ್ಲಿರಿ. ಇಂಗ್ಲಿಷ್ ಸಾಹಿತ್ಯದ ತುಂಬ ಇವನದೇ ಸಂತಾನ. ತಾತ ಮಾಡಿಟ್ಟ ಆಸ್ತಿ, ತಲೆಯಲ್ಲಿ ಸಗಣಿ. ಬೂಟಿನ ಲೇಸು ಕಟ್ಟಲು ಒಬ್ಬ ಆಳು, ಬಿಚ್ಚಲು ಇನ್ನೊಬ್ಬ. ಓದಿ ನಗಬೇಕು, ಅಷ್ಟೆ. ಆದರೆ ಹಾಸನದ ನಮ್ಮ ಕಾಲೇಜಿನಲ್ಲಿ ಇಂಥದೇ ಒಂದು ಕಾದಂಬರಿ ಪಠ್ಯವಾಗಿದ್ದಾಗ ಯಾರೂ ನಗಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ನೋಟ್ಸ್ ಬರೆಸಿದರು. ಪರೀಕ್ಷೆಯಲ್ಲಿ ಧಣಿಯ ಪಾತ್ರಚಿತ್ರಣಕ್ಕೆ ಹತ್ತು ಅಂಕ. ಉದಾರಿ, ಸುಸಂಸ್ಕೃತ, ಗಂಭೀರ ಎಂದು ಗೈಡಿನಲ್ಲಿದ್ದದ್ದನ್ನೇ ಎಲ್ಲರೂ ಬರೆದೆವು. ನನ್ನ ಸಹಪಾಠಿ ವಾಸು ಮಾತ್ರ ಬರೆದದ್ದನ್ನು ನಂಬಿಬಿಟ್ಟ.

ಮುಂದೆ ನಾವಿಬ್ಬರೂ ಓದಲು ಅತ್ಲೋನಿಗೆ ಬಂದೆವು. ರೂಮು ಸಿಗದೆ, ಗಾಲ್ವೇಯಲ್ಲಿ ಪರಿಚಯದವರೊಬ್ಬರ ನಡುಮನೆಯಲ್ಲಿ ಮಲಗಿ, ದಿನಾ ರೈಲಿನಲ್ಲಿ ಓಡಾಡುತ್ತಿದ್ದೆವು. ಆ ಮನೆಯಾಕೆಯ ಮುಖ ದಿನದಿಂದ ದಿನಕ್ಕೆ ದಪ್ಪವಾಗಿ, ಕೊನೆಗೆ ‘ಭಾನುವಾರದೊಳಗೆ ಬೇರೆ ಕಡೆ ನೋಡ್ಕೊಳ್ರಪ್ಪ’ ಎಂದೇ ಬಿಟ್ಟರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಆ ವಾರವೇ ವಾಸು ಅಂಥ ಧಣಿಗಳು ತೊಡುವ ಟ್ವೀಡ್ ಕೋಟು ಕೊಂಡ. ಪುಣ್ಯಕ್ಕೆ ಶನಿವಾರ ಅತ್ಲೋನಿನ ಅಜ್ಜಿಯೊಬ್ಬರು ರೂಮು ನೋಡಲು ಕರೆದರು. ಅದು ತಪ್ಪಿದರೆ ನಮಗೆ ಬೀದಿಯೇ ಗತಿ.

ಬಾಗಿಲು ತೆರೆದ ಅಜ್ಜಿಯ ಮುಖವನ್ನೂ ನೋಡದೆ ವಾಸು ಕೋಟು ಬಿಚ್ಚಿ ಅವರ ಕೈಗೆ ಕೊಟ್ಟ. ‘ಮೈ ಗುಡ್ ವುಮನ್, ಟೀ ಸಿಗುತ್ತಾ?’ ಎಂದು, ಧಣಿ ಕೆಲಸದವಳನ್ನು ಕೇಳುವ ಗತ್ತಿನ ಇಂಗ್ಲಿಷಿನಲ್ಲಿ ಕೇಳಿ, ಅವರ ಕುರ್ಚಿಯಲ್ಲೇ ಹೋಗಿ ಕೂತ. ಇಂಗ್ಲಿಷ್ ಜಮೀನ್ದಾರರ ಕಾಟದಲ್ಲಿ ತಲೆಮಾರುಗಳೇ ನುಗ್ಗಾದ ದೇಶದಲ್ಲಿ! ಅಜ್ಜಿ ಕೂಗಾಡಲಿಲ್ಲ.

‘ನಮ್ಮಜ್ಜಿ ದೊಡ್ಡಮನೆಯವರ ಕೋಟು ಹಿಡಿದು ಹಿಡಿದೇ ಮುದುಕಿಯಾದಳು. ನಾನು ಹಿಡಿಯೋದಿಲ್ಲ’ ಎಂದರು. ಕೋಟನ್ನು ಅವನ ತೊಡೆಯ ಮೇಲಿಟ್ಟು, ‘ಗ್ರ್ಯಾಂಡ್, ಆಯ್ತು, ಫೋನ್ ಮಾಡ್ತೀನಿ’ ಎಂದು ಬಾಗಿಲ ಬಳಿ ನಿಂತರು. ಫೋನು ಬರಲಿಲ್ಲ.

‘ಆ ಯಮ್ಮಂಗೆ ಮ್ಯಾನರ್ಸೇ ಇಲ್ಲ ಕಣೋ’ ಎಂದ ವಾಸು, ರೈಲಿನಲ್ಲಿ. ಅವನ ಕತ್ತು ಹಿಚುಕಬೇಕೆನಿಸಿತು. ಬೋಗಿಯ ತುಂಬ ಜನ, ಬಚಾವಾದ. ಆಮೇಲೆ ಎರಡು ತಿಂಗಳು ಕಂಡಕಂಡವರ ಮನೆಯ ನೆಲದ ಮೇಲೆ ಮಲಗಿದೆವು.

ಇದನ್ನೆಲ್ಲ ಸುಪ್ರಿಯಾಗೆ ವಾಸುವಿನ ದನಿ ಅಣಕಿಸಿ, ಕೈ ಬಾಯಿ ತಿರುಗಿಸಿ ಹೇಳಿದೆ. ಅವಳು ನಗಬೇಕಾದಲ್ಲಿ ನಕ್ಕಳು, ನಗುವಂಥದ್ದೇನೂ ಇಲ್ಲದಲ್ಲೂ ನಕ್ಕಳು. ನನಗೆ ಖುಷಿಯೋ ಖುಷಿ. ಇಂಥ ಕೇಳುಗರು ನಮ್ಮ ಮನೆಯಲ್ಲಿ ನನಗೆ ಸಿಕ್ಕಿದ್ದೇ ಇಲ್ಲ.

ಕೊನೆಗೆ ಮೆಲ್ಲಗೆ, ‘ಸರ್, ರೂಮ್ ನಂಗೆ ಕೊಡ್ತೀರಾ? ನಾಳೆನೇ ಈಗಿರೋ ಮನೆ ಖಾಲಿ ಮಾಡ್ಬೇಕು’ ಎಂದಳು.

ಆಗ ಅವಳನ್ನು ಸರಿಯಾಗಿ ನೋಡಿದೆ. ಮುಕ್ಕಾಲು ಗಂಟೆಯಿಂದ ನಾನು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಅವಳು ಹೆಗಲ ಬ್ಯಾಗನ್ನೂ ಇಳಿಸದೆ ನಿಂತೇ ಇದ್ದಳು. ಕೂತ್ಕೊಳಮ್ಮ ಎಂಬ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ. ನಾಚಿಕೆಯಾಯಿತು. ಎದ್ದು ಬೀಗದ ಕೈ ತಂದು ಕೊಟ್ಟೆ.

‘ಥ್ಯಾಂಕ್ಯೂ ಸರ್’ ಎಂದಳು. ಈ ಸಲ ನಗಲಿಲ್ಲ. ಇನ್ನು ನಗಬೇಕಾದ ಅಗತ್ಯ ಅವಳಿಗಿರಲಿಲ್ಲ.