ಎದುರು ದಿಕ್ಕಿಗೆ ಸರಿದ ನೀಲಿ ಗೆರೆ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಕ್ಕಳಿಗೆ ಜ್ವರ ಬಂದರೆ ಯಾರ ದೃಷ್ಟಿ ತಾಗಿತು ಎಂದು ಮೊದಲು ವಿಚಾರಿಸಿ ಆಮೇಲೆ ಮಾತ್ರೆ ಕೊಡುತ್ತಿದ್ದರು. ರಸಾಯನಶಾಸ್ತ್ರ ಓದಿದ ನಾನು ಅಂಥದ್ದಕ್ಕೆಲ್ಲ ನಕ್ಕು ಬೈಸಿಕೊಂಡವಳು. ಈಗ ನೀವು ನಗುವುದಾದರೆ ನಗಿ, ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆ. ಸಾಗರದ ಒಂದು ಕಾಲೇಜಿನಲ್ಲಿ ನಾನೂ ನಿಟ್ಟೂರಿನ ವಸುಧಾಳೂ ಪಾಠ ಮಾಡುತ್ತಿದ್ದೆವು. ಒಂದೇ ಬಾಡಿಗೆ ಕೋಣೆ, ಒಂದೇ ಸ್ಟವ್. ರಕ್ತದ ಪ್ರೋಟೀನುಗಳನ್ನು ಕರೆಂಟಿನಿಂದ ಬೇರ್ಪಡಿಸುವ ಉಪಕರಣವೊಂದನ್ನು ಇಬ್ಬರೂ ಸೇರಿ ಒದ್ದಾಡಿ ಕಟ್ಟಿದ್ದೆವು. ಪ್ಲಾಸ್ಟಿಕ್ ಡಬ್ಬಿಗಳು, ಟಾರ್ಚ್ ಸೆಲ್ ಒಡೆದು ತೆಗೆದ ಕರಿ ಕಡ್ಡಿಗಳು, ಕರೆಂಟಿಗೆ ರೇಡಿಯೋ ರಿಪೇರಿಯವನು ಮಾಡಿಕೊಟ್ಟ ಪೆಟ್ಟಿಗೆ. ದ್ರಾವಣದಲ್ಲಿ ನೆನೆಸಿದ ಕಾಗದದ ಪಟ್ಟಿಯ ನಡುವೆ ಪೆನ್ಸಿಲ್ ಗೆರೆ ಎಳೆದು, ಅಲ್ಲಿ ಒಂದು ಹನಿ ಸೀರಮ್ ಇಡುತ್ತಿದ್ದೆವು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಅದು. ಕರೆಂಟ್ ಹಾಯಿಸಿದರೆ ಅದರ ಪ್ರೋಟೀನುಗಳು ಪ್ಲಸ್ ತುದಿಯ ಕಡೆಗೆ ಹೊರಡುತ್ತವೆ, ಒಂದೊಂದು ಒಂದೊಂದು ವೇಗದಲ್ಲಿ. ಬಣ್ಣ ಹಾಕಿದರೆ ನೀಲಿ ಗೆರೆಗಳಾಗಿ ಕಾಣುತ್ತವೆ. ಹೋಲಿಕೆಗೆಂದು ಪ್ರತಿ ಸಲವೂ ನಮ್ಮಿಬ್ಬರ ಸೀರಮ್ಮಿನ ಪಟ್ಟಿಗಳು ಅಕ್ಕಪಕ್ಕ ಇರುತ್ತಿದ್ದವು. ಅವಳ ಬೆರಳನ್ನು ನಾನು ಚುಚ್ಚುತ್ತಿದ್ದೆ, ನನ್ನದನ್ನು ಅವಳು.

ಮೈಸೂರಿನಲ್ಲಿ ಸಂಶೋಧನೆಗೆ ಸೇರುವ ಅವಕಾಶವೊಂದು ಬಂತು. ಮನೆಯಲ್ಲಿ ಆಗಲೇ ನನಗೆ ಗಂಡು ನೋಡಿಟ್ಟಿದ್ದರು. ಓದು ಮುಂದುವರಿಸಲು ನನಗಿದ್ದದ್ದು ಮೈಸೂರೊಂದೇ ದಾರಿ. ಈ ಉಪಕರಣದ ಕೆಲಸವನ್ನು ತೋರಿಸಿ ಜೊತೆಯಾಗಿ ಅರ್ಜಿ ಹಾಕುವುದು, ಹೋದರೆ ಇಬ್ಬರೂ ಹೋಗುವುದು ಎಂದು ಮಾತಾಗಿತ್ತು. ಕಳಿಸುವ ಜವಾಬ್ದಾರಿ ಅವಳೇ ವಹಿಸಿಕೊಂಡಳು. "ನೀನಿಲ್ದೆ ನಾನೊಬ್ಳೇ ಅಲ್ಲಿ ಎಂತ ಮಾಡ್ಲಿ ಮಾರಾಯ್ತಿ?" ಅಂದಿದ್ದಳು.

ಒಂದು ಶುಕ್ರವಾರ ಎಂದಿನಂತೆ ಬೆರಳು ಚುಚ್ಚಿಕೊಂಡೆವು. ಮನೆಯಲ್ಲಿ ಪೂಜೆ ಇದೆ ಎಂದು ಅವಳು ಊರಿಗೆ ಹೊರಟಳು. ಶನಿವಾರ ಮಧ್ಯಾಹ್ನ ನಾನೊಬ್ಬಳೇ ಪ್ರಯೋಗಾಲಯದಲ್ಲಿ ಎರಡು ಪಟ್ಟಿ ಇಟ್ಟೆ. ಸಂಜೆ ಬಣ್ಣ ಹಾಕಿ ತೊಳೆದರೆ ನನ್ನ ಗೆರೆಗಳು ಸರಿಯಾಗಿ ಪ್ಲಸ್ ಕಡೆಗೇ ಹೋಗಿದ್ದವು. ವಸುಧಾಳವು ಅಷ್ಟೇ ದೂರ, ಅಷ್ಟೇ ಚೊಕ್ಕಟವಾಗಿ, ಎದುರು ದಿಕ್ಕಿಗೆ ಹೋಗಿದ್ದವು.

ಪಟ್ಟಿಯನ್ನು ತಿರುಗಾಮುರುಗಾ ಇಟ್ಟಿರಬೇಕು ಅಂದುಕೊಂಡೆ. ಭಾನುವಾರ ಮತ್ತೆ ಹೋಗಿ, ತುದಿಗಳಿಗೆ ಗುರುತು ಹಾಕಿ, ಉಳಿದಿದ್ದ ಹನಿ ಇಟ್ಟೆ. ಈ ಸಲ ಎದುರಿಗೇ ಕೂತು ಕಾದೆ. ಮತ್ತೆ ಹಾಗೆಯೇ ಆಯಿತು. ಒಂದೇ ಡಬ್ಬಿ, ಒಂದೇ ದ್ರಾವಣ, ಒಂದೇ ಕರೆಂಟು. ಎಲ್ಲವನ್ನೂ ಹಾಗೇ ಬಿಟ್ಟು ಕೋಣೆಗೆ ಬಂದುಬಿಟ್ಟೆ.

ಸೋಮವಾರ ಪ್ರಾಂಶುಪಾಲರು ಕರೆದರು. "ವಸುಧಾ ಮೈಸೂರಿಗೆ ಸೇರಿದ್ರಲ್ಲ, ನಿಮ್ಗೆ ಹೇಳ್ಲಿಲ್ವಾ? ಆ ಉಪಕರಣ ಅವರೇ ಮಾಡಿದ್ದಂತೆ. ನೀವೂ ಸ್ವಲ್ಪ ಸಹಾಯ ಮಾಡಿದ್ರಿ ಅಂತಿದ್ರು, ಪಾಪ" ಎಂದರು. ಆ "ಪಾಪ" ನನಗೋ ಅವಳಿಗೋ ತಿಳಿಯಲಿಲ್ಲ. ಊರಲ್ಲಿ ಪೂಜೆಯೇನೂ ಇರಲಿಲ್ಲ. ನನ್ನ ಬೆರಳು ಚುಚ್ಚುವಾಗ ಅವಳಿಗೆ ಎಲ್ಲ ಗೊತ್ತಿತ್ತು. ಈ ಮಾತು ಇಂದಿಗೂ ಹೊಟ್ಟೆ ಉರಿಸುತ್ತದೆ.

ಮುಂದಿನ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು, ಕೆಲಸ ಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಹೊಸನಗರದ ಬಸ್ ನಿಲ್ದಾಣದಲ್ಲಿ ವಸುಧಾ ಸಿಕ್ಕಿದಳು. ಡಾಕ್ಟರೇಟ್ ಆಗಿತ್ತು, ಕನ್ನಡಕ ಬಂದಿತ್ತು. ಜಗಳವಾಡಲು ಮನಸ್ಸಾಗಲಿಲ್ಲ. ಆ ಎರಡು ಪಟ್ಟಿಗಳ ಸಂಗತಿಯನ್ನಷ್ಟೇ ಹೇಳಿದೆ.

"ನಿನ್ನ ಸೀರಮ್ ಒಂಚೂರು ನಾನೂ ತಗೊಂಡ್ ಹೋಗಿದ್ದೆ ಕಣೇ, ಹೋಲಿಕೆಗೆ ಬೇಕಲ್ಲ ಅಂತ. ಅಲ್ಲಿ ಎಷ್ಟು ಸಲ ಇಟ್ರೂ ಅದು ಪೆನ್ಸಿಲ್ ಗೆರೆ ಬಿಟ್ಟು ಕದಲ್ಲೇ ಇಲ್ಲ. ಯಾರಿಗೂ ಹೇಳಿಲ್ಲ ನಾನು" ಅಂದಳು. ಅಷ್ಟರಲ್ಲಿ ಶಿವಮೊಗ್ಗದ ಬಸ್ ಬಂತು, ಹತ್ತಿ ಹೋದಳು.

ದ್ರಾವಣ ಕೆಟ್ಟಿತ್ತೇ, ಸೀರಮ್ಮಿನಲ್ಲಿ ಏನಾದರೂ ಬೆರೆತಿತ್ತೇ, ನನ್ನ ಕಣ್ಣೇ ಮೋಸ ಮಾಡಿತೇ ಎಂದು ಎಲ್ಲ ರೀತಿಯಲ್ಲೂ ಯೋಚಿಸಿದ್ದೇನೆ. ಒಂದೂ ಹೊಂದುವುದಿಲ್ಲ. ನಾನು ಕಂಡದ್ದು ನಿಜ ಎನ್ನಲು ಈ ಲೋಕದಲ್ಲಿ ನನಗಿರುವ ಸಾಕ್ಷಿ ಅವಳೊಬ್ಬಳೇ. ಅವಳ ಮಾತನ್ನೋ, ನನ್ನಿಂದ ನಂಬಲಾಗುತ್ತಿಲ್ಲ.